ಸಿಹಿ ನೀರಿನ ಬೋರು

ಇಳಕಲ್ಲಿನ ಹೊರವಲಯದಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ ಒಂದು ಶೆಡ್ಡು ಮುಚ್ಚಿ ವರ್ಷಗಳೇ ಆಗಿದ್ದವು. ಆ ಜಾಗ ಕೊಳ್ಳಬೇಕೆಂದವರು, ಮೊದಲು ಮಣ್ಣು, ನೀರು ಹೇಗಿದೆ ನೋಡೋಣ ಎಂದು ಬಾಗಲಕೋಟೆಯ ನಮ್ಮ ಪ್ರಯೋಗಾಲಯಕ್ಕೆ ಬಂದರು. ಅಲ್ಲಿ ಭೂವಿಜ್ಞಾನಿಯಾಗಿದ್ದ ನನ್ನ ಪಾಲಿಗೆ ಆ ಕೆಲಸ ಬಂತು.

ಶೆಡ್ಡಿನ ಹಿಂದೆ ಬಣ್ಣದ ನೀರು ಬಿಡುತ್ತಿದ್ದ ಗುಂಡಿಯಿತ್ತು. ಜಾಲಿ ಬೆಳೆದು, ಕಸ ತುಂಬಿ, ಯಾರಾದರೂ ತೋರಿಸಿದರಷ್ಟೇ ಗೊತ್ತಾಗುವಂತಿತ್ತು. ಕೊರೆದು ಮಣ್ಣು ತೆಗೆದೆವು. ಮೇಲಿನ ಒಂದು ಮೊಳ ಎಲ್ಲ ಕಡೆಯಂತೆ ಕೆಂಪು. ಅದರ ಕೆಳಗಿನದು ಜಿಗುಟು, ಹಸಿರು ಬೆರೆತ ಕಪ್ಪು. ಇನ್ನೂ ಕೆಳಗೆ ಬಂಡೆ. ಅದು ಇಡಿಯಾಗಿದ್ದರೆ ಚೆನ್ನಾಗಿತ್ತು; ತುಂಬ ಬಿರುಕು ಬಿಟ್ಟಿತ್ತು. ಬಿರುಕಿಗಿಳಿದ ನೀರು ಯಾವ ಕಡೆ ಸರಿಯುತ್ತದೆಂದು ಮೇಲೆ ನಿಂತು ಹೇಳಲು ಬರುವುದಿಲ್ಲ. ಹಾಗಾಗಿ ಸುತ್ತಲಿನ ಬೋರುಗಳ ನೀರನ್ನೂ ಪರೀಕ್ಷಿಸಬೇಕಾಯಿತು.

ಗುಂಡಿಯ ಆಚೆ ಒಂದು ಓಣಿ. ಅಲ್ಲಿಯ ಬೋರುಗಳೆಲ್ಲ ಸವಳು, ಬೇಳೆ ಬೇಯದ ನೀರು. ಒಂದು ಮಾತ್ರ ಸಿಹಿ. ಅದು ಒಬ್ಬ ವಯಸ್ಸಾದ ವಿಧವೆಯ ಅಂಗಳದಲ್ಲಿತ್ತು. ಆಕೆಯ ಗಂಡ ಅದೇ ಶೆಡ್ಡಿನಲ್ಲಿ ನೂಲು ಅದ್ದುವ ಕೆಲಸ ಮಾಡುತ್ತಿದ್ದನಂತೆ. ಬೆಳಗಾದರೆ ಓಣಿಯ ಕೊಡಗಳೆಲ್ಲ ಅವಳ ಅಂಗಳದಲ್ಲಿ. ಯಾರಿಗೂ ಇಲ್ಲ ಎಂದವಳಲ್ಲ.

ಮಾದರಿ ಹಿಡಿಯುವ ಮೊದಲು, ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಪಂಪು ಓಡಿಸಬೇಕು. ಹರಿದುಹೋಗುವ ನೀರು ಕಂಡು ಆಕೆಗೆ ತಡೆಯಲಾಗಲಿಲ್ಲ. ಬಕೆಟ್ಟು, ಬೋಗುಣಿ, ಕೊಡ, ಕೈಗೆ ಸಿಕ್ಕದ್ದನ್ನೆಲ್ಲ ತಂದಿಟ್ಟಳು.

“ಯವ್ವಾ, ಇಂಥಾ ನೀರು ಮಣ್ಣಪಾಲ ಮಾಡ್ತಿಯಲ್ಲ! ಒಂದ ಗುಟುಕ ಕುಡದು ನೋಡು.”

ಕುಡಿದೆ. ನಿಜಕ್ಕೂ ಸಿಹಿಯಾಗಿತ್ತು.

ಫಲಿತಾಂಶ ಬಂದಾಗ ಸವಳು ಬೋರುಗಳಲ್ಲಿ ಸವಳಲ್ಲದೆ ಬೇರೇನೂ ಇರಲಿಲ್ಲ. ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಬಳಸುತ್ತಿದ್ದ ಕ್ರೋಮಿಯಂ ಇದ್ದದ್ದು ಸಿಹಿ ಬೋರಿನಲ್ಲಿ, ಕುಡಿಯಲೇಬಾರದಷ್ಟು. ಗುಂಡಿಯಡಿಯ ಬಿರುಕು ಆಕೆಯ ಅಂಗಳದ ಕಡೆಗೇ ಹೋಗಿತ್ತು. ಎಲ್ಲೋ ತಪ್ಪಾಗಿದೆ ಎಂದುಕೊಂಡು ಮತ್ತೊಮ್ಮೆ ನೀರು ತಂದು ನೋಡಿದೆ. ಅದೇ ಬಂತು.

ವರದಿ ಓದಿದವರು ಜಾಗ ಬೇಡವೆಂದು ಸುಮ್ಮನಾದರು. ಶೆಡ್ಡಿನ ಯಜಮಾನರು ತೀರಿಹೋಗಿದ್ದರು. ಮಕ್ಕಳು ಆ ಜಾಗಕ್ಕಾಗಿ ಕೋರ್ಟು ಹತ್ತಿದ್ದರು. ನಾನು ಯಾವ ಕಚೇರಿಯ ಬಾಗಿಲಿಗೆ ಹೋದರೂ ಅವರು ಕೇಳಿದ್ದು ಒಂದೇ: ಆ ಮಣ್ಣು ಅಗೆದು ತೆಗೆದರೆ ಒಯ್ದು ಹಾಕುವುದೆಲ್ಲಿ? ಮಣ್ಣು ತೆಗೆದರೂ ಬಂಡೆಯೊಳಗೆ ಇಳಿದದ್ದನ್ನು ಹೇಗೆ ತೆಗೆಯುವುದು?

ಆಕೆಗೆ ಹೇಳಲು ನಾನೇ ಹೋದೆ.

“ಅವ್ವಾರ, ಈ ನೀರು ಕುಡಿಬ್ಯಾಡ್ರಿ. ಬಣ್ಣದ ಗುಂಡ್ಯಾಗಿಂದು ಇದಕ್ಕ ಇಳದೈತಿ.”

“ಬಣ್ಣ ಎಲ್ಲೈತಿ? ಕನ್ನಡಿ ಇದ್ದಂಗ ಐತಲ್ಲ.”

“ಕಣ್ಣಿಗಿ ಕಾಣಂಗಿಲ್ರಿ. ನಾಲಿಗಿಗೂ ಹತ್ತಂಗಿಲ್ಲ.”

ಅವಳು ಕೇಳಿದ್ದು ತನ್ನ ಬಗ್ಗೆ ಅಲ್ಲ. “ಹಂಗಾರ ಓಣಿ ಮಂದಿಗೆಲ್ಲಾ ನನ್ನ ಕೈಲೇ ವಿಷಾ ಕುಡಿಸಿದಂಗಾತಲ್ಲ?”

“ನಿಮ್ಮ ತಪ್ಪೇನೈತ್ರಿ ಇದರಾಗ?” ಎಂದೆ. ಆ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಮರುದಿನವೇ ಆಕೆ ಪಂಪಿನ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದಳು. ಕಾರಣ ಹೇಳಿದರೂ ಯಾರೂ ನಂಬಲಿಲ್ಲ. ಮುದುಕಿಗೆ ಸೊಕ್ಕು ಬಂದಿದೆ ಎಂದರು. ಪಕ್ಕದ ಮನೆಯವರು ಮಾತು ಬಿಟ್ಟರು. ಹಬ್ಬದ ಹೋಳಿಗೆಯೂ ಬರಲಿಲ್ಲ. ಕೆಲವು ದಿನ ಟ್ಯಾಂಕರು ಬಂತು, ಆಮೇಲೆ ನಿಂತಿತು. ನಳದ ನೀರು ಬಂದರೆ ಬಂತು. ಕಡೆಗೆ ಯಾರೋ ಬೀಗ ಒಡೆದರು. ಆಕೆ ಮತ್ತೆ ಹಾಕಿದಳು, ಅದನ್ನೂ ಒಡೆದರು.

ಮಳೆಗಾಲ ಮುಗಿದ ಮೇಲೆ, ಹೊಸ ನೀರು ಸೇರಿ ವಿಷ ಕಡಿಮೆಯಾಗಿರಬಹುದೆಂಬ ಆಸೆಯಿಂದ ನಾನು ಮತ್ತೆ ಹೋದೆ. ಅಂಗಳದ ತುಂಬ ಕೊಡಗಳು. ಆಕೆ ಕಟ್ಟೆಯ ಮೇಲೆ ಕೂತು ಬಂದ ಒಬ್ಬೊಬ್ಬರಿಗೂ ಹೇಳುತ್ತಿದ್ದಳು: “ಬ್ಯಾಡ್ರೆ, ಬಳಸಾಕಷ್ಟ ಒಯ್ಯಿರಿ, ಕುಡಿಬ್ಯಾಡ್ರಿ.”

ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸು ಕೊಡ ಇಡುತ್ತಲೇ ಅಂದಳು: “ಗೊತ್ತೈತಿ ಬಿಡಬೇ. ನಳದಾಗ ನೀರ ಬರವಲ್ದು. ಏನ್ ಮಾಡೂದು?”

“ನೀನರ ಹೇಳ ಯವ್ವಾ,” ಎಂದು ಆಕೆ ನನ್ನ ಕಡೆ ತಿರುಗಿದಳು.

ಹೇಳಿದೆ. ಎಲ್ಲರೂ ಗೌರವದಿಂದಲೇ ಕೇಳಿಸಿಕೊಂಡರು. ನನ್ನ ಕೈಯಲ್ಲಿದ್ದ ಬಾಟಲಿ ನೋಡಿ ಕೂಸಿನ ತಾಯಿ ತನ್ನ ಕೊಡ ಪಕ್ಕಕ್ಕೆ ಸರಿಸಿದಳು. “ನೀವು ಮೊದಲ ಹಿಡ್ಕೋರಿ ಅಕ್ಕಾರ. ನಿಮಗ ಭಾಳ ದೂರ ಹೋಗೂದೈತಿ.”

ಆ ಸಲ ಕ್ರೋಮಿಯಂ ಹೆಚ್ಚಾಗಿತ್ತು. ಮಣ್ಣಿನಲ್ಲಿ ಉಳಿದಿದ್ದನ್ನೂ ಮಳೆ ಕೆಳಗಿಳಿಸಿತ್ತು. ಫೋನು ಮಾಡಿ ಆಕೆಗೆ ತಿಳಿಸಿದೆ.

“ಹೂಂ ಯವ್ವಾ,” ಎಂದಳು. “ಮತ್ತ ಹೇಳ್ತೇನಿ ಮಂದಿಗೆ.”