ಹಣೆ ಅಳೆಯುವ ಅಂಗೈ

ಬೆಳಗಿನಿಂದ ಕೊಟ್ಟಿಗೆಯಲ್ಲಿ ನಮ್ಮ ಕಡಸು ಒಂದೇ ಸಮನೆ ಕೂಗುತ್ತಿದೆ. ಮೊದಲ ಸಲ ಬೆದೆಗೆ ಬಂದಿದೆ. ದನದ ಡಾಕ್ಟರು ಮೂರು ಹೋರಿಗಳ ಫೋಟೊ ಕಳಿಸಿದ್ದಾರಂತೆ; ಯಾವುದರ ಇಂಜೆಕ್ಷನ್ ಕೊಡಬೇಕೆಂದು ಮಧ್ಯಾಹ್ನದೊಳಗೆ ಹೇಳಬೇಕಂತೆ. ಹೆಂಡತಿ ಮೊಬೈಲ್ ಹಿಡಿದು ನನ್ನ ಹಿಂದೆಯೇ ತಿರುಗುತ್ತಿದ್ದಾಳೆ. "ಒಂದು ಹೇಳಿ ಮಾರಾಯ್ರೆ, ನನ್ನ ನೋಡೋಕೆ ಬಂದಾಗ್ಲೂ ನೀವು ಇಷ್ಟು ಹೊತ್ತು ತಗಂಡಿರ್ಲಿಲ್ಲ" ಎಂದಳು. ನಿಜ. ಆಗ ನನಗೆ ಹೆದರಿಕೆ ಇರಲಿಲ್ಲ. ಹೋರಿ ಆರಿಸು ಎಂದರೆ ಮಾತ್ರ ಈ ವಯಸ್ಸಿನಲ್ಲೂ ಕೈ ಬೆವರುತ್ತದೆ.

ನಗಬೇಡಿ, ಕಾರಣ ಹೇಳುತ್ತೇನೆ. ಹೊಸನಗರದ ಹತ್ತಿರದ ನಮ್ಮ ಮನೆಯಲ್ಲಿ ಆಗ ಇದ್ದವೆಲ್ಲ ಗಿಡ್ಡ ಜಾತಿಯ ದನ, ನನ್ನ ಸೊಂಟಕ್ಕೆ ಬರುವಂಥವು. ಅವಕ್ಕೆ ಹೋರಿ ಆರಿಸುವುದು ದೊಡ್ಡಮ್ಮನ ಅಧಿಕಾರ. ಸುತ್ತಲಿನ ಊರಿನವರೂ ಅವಳನ್ನು ಕರೆದೊಯ್ಯುತ್ತಿದ್ದರು. ಅವಳು ಹೋರಿಯನ್ನು ನೋಡುತ್ತಿದ್ದುದೇ ಕಡಿಮೆ. ಸೀದಾ ಅದರ ತಾಯಿಯ ಹತ್ತಿರ ಹೋಗಿ, ಬೆನ್ನು ಸವರಿ, "ಇದು ಯಾರ ಕೈಯೂ ತಾಗದೆ ಕರ ಹಾಕ್ತದಾ?" ಎಂದು ಕೇಳುವಳು. ಆ ಹೋರಿಗೆ ಹುಟ್ಟಿದ ಎಳೆಗರು ಸಿಕ್ಕರೆ ಅದರ ಹಣೆಯ ಮೇಲೆ ಅಂಗೈ ಇಡುವಳು. ಹಣೆ ಅಂಗೈಯೊಳಗೆ ಅಡಗಬೇಕು. ಅಡಗದಿದ್ದರೆ ಹೋರಿ ಎಷ್ಟೇ ಗತ್ತಿನದಿದ್ದರೂ ಬೇಡ. "ಹೋರಿ ಚಂದ ಕಟ್ಕಂಡು ಎಂತ ಮಾಡ್ತೀಯ ತಮಾ, ಹೆರೋದು ಹಸ" ಎನ್ನುವಳು. ಹಾಗೆ ಆರಿಸಿ ತಂದದ್ದೇ ನಮ್ಮ ಕರಿಯ. ಕುಳ್ಳ, ಸಾಧು, ನೋಡಲು ಏನೇನೂ ಅಲ್ಲ.

ಮೀಸೆ ಚಿಗುರುವ ವಯಸ್ಸಿನ ನನಗೆ ಕರಿಯನನ್ನು ನಮ್ಮದೆಂದು ಹೇಳಿಕೊಳ್ಳಲು ನಾಚಿಕೆ. ತೀರ್ಥಹಳ್ಳಿ ರಸ್ತೆಯ ತೋಟದವರೊಬ್ಬರು ಮಿಶ್ರತಳಿಯ ಹೋರಿ ತಂದಿದ್ದರು. ಅದೂ ನಮ್ಮ ಕರಿಯನಂತೆ ಕಪ್ಪೇ, ಆದರೆ ಅದರ ಹೆಗಲು ನನ್ನ ಗಲ್ಲಕ್ಕೆ ಬರುತ್ತಿತ್ತು. ದೊಡ್ಡಮ್ಮ ತುಮರಿಯ ತವರಿಗೆ ಹೋಗಿದ್ದ ದಿನವೇ ನಮ್ಮ ಕಡಸು ಚುಕ್ಕಿ ಬೆದೆಗೆ ಬಂತು. ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಹಗ್ಗ ಹಿಡಿದು ನಡೆಸಿಕೊಂಡು ಹೋದೆ. ಚುಕ್ಕಿ ಆ ಭಾರಕ್ಕೆ ಮೊಣಕಾಲೂರಿತು. ಆದರೂ ಸುಮ್ಮನೆ ನಿಂತಿದ್ದೆ.

ಮರಳಿ ಬಂದ ದೊಡ್ಡಮ್ಮ ಕೇಳಿದಳು, "ಯಾವ್ದು ಹಾರಿದ್ದು?"

"ನಮ್ಮ ಕರಿಯನೇ" ಎಂದೆ.

ಮುಂದಿನ ಒಂಬತ್ತು ತಿಂಗಳು ಬಸುರಿಯ ಸಂಕಟ ಪಟ್ಟವನು ನಾನು. ಚುಕ್ಕಿಯ ಹೊಟ್ಟೆ ಒಂದು ಕಡೆಗೆ ಉಬ್ಬಿದರೆ ನನಗೆ ಊಟ ಸೇರುತ್ತಿರಲಿಲ್ಲ. ಕೊಟ್ಟಿಗೆಗೆ ಹೋಗಲು ಭಯ, ಹೋಗದಿರಲೂ ಭಯ. ಹೇಳಿಬಿಡಬೇಕೆಂದು ಎಷ್ಟೋ ಸಲ ಅಡುಗೆಮನೆ ಬಾಗಿಲ ತನಕ ಹೋದೆ. ಅಲ್ಲಿಂದ ಮಜ್ಜಿಗೆ ಕುಡಿದು ವಾಪಸ್ಸು ಬಂದೆ.

ಒಂದು ಮಧ್ಯಾಹ್ನ ಚುಕ್ಕಿ ಮಲಗಿತು. ಕರುವಿನ ಮುಂಗಾಲು ಕಂಡವು, ತಲೆ ಬರಲಿಲ್ಲ. ದೊಡ್ಡಮ್ಮ ಮೊಣಕೈ ತನಕ ಕೊಬ್ಬರಿ ಎಣ್ಣೆ ಸವರಿಕೊಂಡು ಒಳಗೆ ಕೈ ಹಾಕಿದಳು. "ಹಣೆ ಅಂಗೈಗೆ ಸಿಕ್ತಿಲ್ಲ... ಕರಿಯಂದು ಹಿಂಗಿರಾಕೆ ಸಾಧ್ಯನೇ ಇಲ್ಲ" ಎಂದು ನನ್ನತ್ತ ನೋಡಿದಳು. ಈಗಲಾದರೂ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ನಾನು ತಲೆ ತಗ್ಗಿಸಿ ಎಣ್ಣೆ ಬಟ್ಟಲನ್ನು ಅವಳತ್ತ ಸರಿಸಿದೆ. ನಾಲ್ಕು ಜನ ಸೇರಿ ಎಳೆದಾಗ ಬಂದದ್ದು ಸತ್ತ ಕರು, ಕಪ್ಪು ಕರು. ನನ್ನ ಸುಳ್ಳಿಗೆ ಬಣ್ಣವೂ ಸಾಕ್ಷಿ ಹೇಳಿತು.

ಚುಕ್ಕಿ ಮೂರನೆಯ ದಿನ ಎದ್ದು ನಿಂತಿತು. ಏಳದೇ ಹೋದವಳು ದೊಡ್ಡಮ್ಮ. "ನನ್ನ ಕಣ್ಣೇ ಹೋಯ್ತು" ಎಂದವಳೇ ಕರಿಯನನ್ನು ತುಮರಿಯ ತಮ್ಮನ ಮನೆಗೆ ಅಟ್ಟಿಸಿದಳು. ಆಮೇಲೆ ಯಾರು ಬಂದು ಕರೆದರೂ, "ನನ್ನ ಕೇಳ್ಬ್ಯಾಡಿ, ನಂಗೆ ತಿಳಿಯಲ್ಲ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಸಾಯುವ ತನಕ ಇನ್ನೊಂದು ಹೋರಿ ಆರಿಸಲಿಲ್ಲ. ಸಾಯುವ ತನಕ ನಾನೂ ಬಾಯಿ ಬಿಡಲಿಲ್ಲ. ಮೊದಲು ಬೈಗುಳಕ್ಕೆ ಹೆದರಿದೆ. ಆಮೇಲೆ, ಬೈಯದೆ ಸುಮ್ಮನೆ ನೋಡಿದರೆ ಎಂದು ಹೆದರಿದೆ.

"ಇದು ಚಂದ ಉಂಟಲ್ಲ, ಕಪ್ಪುದು" ಎಂದು ಹೆಂಡತಿ ಫೋಟೊ ಮುಂದೆ ಹಿಡಿದಳು. "ಅದ್ರ ಕರದ ಹಣೆ ಎಷ್ಟಗಲ ಇರ್ತದೆ?" ಎಂದೆ. "ದೊಡ್ಡಮ್ಮನ ಲೆಕ್ಕ ಬಿಡಿ, ಅವ್ರ ಕಣ್ಣೂ ತಪ್ಪಿತ್ತಂತಲ್ಲ" ಎಂದಳು, ಊರು ಹೇಳುವುದನ್ನೇ.

"ತಪ್ಪಿರ್ಲಿಲ್ಲ" ಎಂದೆ. ಕಲಗಚ್ಚಿನ ಬಕೆಟ್ಟಿನ ಪಕ್ಕದಲ್ಲೇ ಕೂತು, ಕೊಬ್ಬರಿ ಎಣ್ಣೆಯ ತನಕ ಎಲ್ಲವನ್ನೂ ಹೇಳಿದೆ. ಕಡಸು ಕೂಗುತ್ತಲೇ ಇತ್ತು. ಅವಳು ಡಾಕ್ಟರಿಗೆ ಫೋನ್ ಹಚ್ಚಿ, "ಈ ಸಲ ಬ್ಯಾಡ ಸಾರ್, ಮೂರು ವಾರಕ್ಕೆ ಮತ್ತೆ ಬೆದೆಗೆ ಬರ್ತದಲ್ಲ" ಎಂದಳು. ನನ್ನತ್ತ ತಿರುಗಿ, "ಕರಿಯನ ಸಂತಾನ ತುಮರೀಲಿ ಇನ್ನೂ ಉಂಟಾ?" ಎಂದು ಕೇಳಿದಳು.

ಇದೆಯಂತೆ. ನಾಳೆ ಹೋಗುತ್ತೇವೆ. ಮೊದಲು ಹೋರಿಯ ತಾಯಿಯನ್ನು ನೋಡಬೇಕು, ಆಮೇಲೆ ಕರುವಿನ ಹಣೆಯ ಮೇಲೆ ಕೈ ಇಡಬೇಕು. ನನ್ನ ಅಂಗೈ ದೊಡ್ಡಮ್ಮನದಕ್ಕಿಂತ ಅಗಲ, ಅದರೊಳಗೆ ಎಂಥ ಹಣೆಯೂ ಅಡಗಿಬಿಡುತ್ತದೆ. ಅದಕ್ಕೇ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅವಳ ಕೈ ಚಿಕ್ಕದು.