ಮಳೆ ಸಂತೃಪ್ತರಿಗೆ ನೆರವು

ಮೊನ್ನೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಹೊಸದುರ್ಗದ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಚೀಲದಿಂದ ಬೆಳ್ಳಿ ಬಣ್ಣದ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದರು. ಪಲಾವು. ಚಕ್ಕೆ, ಲವಂಗ, ಪುದೀನ, ಜೊತೆಗೆ ಬಿಸಿಯಿರುವಾಗಲೇ ಕಟ್ಟಿಟ್ಟ ಅನ್ನ ಒಳಗೇ ಬೆವೆತ ವಾಸನೆ. ನಾನು ಎದ್ದು ಆಚೆ ಕಂಬದ ಹತ್ತಿರ ಹೋಗಿ ನಿಂತೆ. ಉಣ್ಣುವವರನ್ನು ನೋಡಬಾರದೆಂದು ದೂರ ಸರಿದ ಸಭ್ಯಸ್ಥನೆಂದು ಆಯಮ್ಮ ತಿಳಿದಿರಬೇಕು. "ತಗಳ್ರಿ, ಒಂದ್ ತುತ್ತು" ಎಂದು ಅಲ್ಲಿಂದಲೇ ಕರೆದರು. ನಾನು ಇನ್ನೂ ಆಚೆಯ ಕಂಬಕ್ಕೆ ಹೋದೆ.

ಅವರ ಪಲಾವಿನಲ್ಲಿ ದೋಷವೇನೂ ಇರಲಿಲ್ಲ. ದೋಷವಿರುವುದು ನನ್ನ ಹೊಟ್ಟೆಯ ನೆನಪಿನಲ್ಲಿ. ನಿಮಗೆ ಬಿಡುವಿದ್ದರೆ ಹೀಗೆ ಕುಳಿತುಕೊಳ್ಳಿ, ಹೇಳುತ್ತೇನೆ.

ಹೊಸದುರ್ಗದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿಯಿದೆ. ಹುಟ್ಟುಹಬ್ಬ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲಕ್ಕೂ ಬ್ಯಾನರು ಹೊಡೆದುಕೊಡುವುದು ನನ್ನ ಕಸುಬು. ಜನ ಮುಖ ನೋಡಿ ಮಣೆ ಹಾಕುತ್ತಾರೆ. ನಾನು ಮಣೆ ನೋಡಿ ಮುಖ ಹಾಕುತ್ತೇನೆ. ಯಾರ ಮುಖ ಎಷ್ಟು ದೊಡ್ಡದಿರಬೇಕು, ಯಾರ ಮೀಸೆಗೆ ಎಷ್ಟು ಕಪ್ಪು ಬಳಿಯಬೇಕು, ಯಾರ ಪಕ್ಕ ಯಾರನ್ನು ನಿಲ್ಲಿಸಿದರೆ ಜಗಳವಾದೀತು ಎಂಬುದೆಲ್ಲ ನನಗೆ ಬಾಯಿಪಾಠ. ಅತಿ ಹೆಚ್ಚು ಅಚ್ಚಾಗುತ್ತಿದ್ದ ಮುಖ ಮಲ್ಲೇಶಣ್ಣನದು. ಸಿಮೆಂಟು, ಕಬ್ಬಿಣದ ದೊಡ್ಡ ಅಂಗಡಿಯ ಯಜಮಾನ, ನಮ್ಮ ಗೆಳೆಯರ ಸಂಘದ ಅಧ್ಯಕ್ಷ. ಅವರ ಮುಖ ಅಚ್ಚಾಗದ ವಾರವಿರಲಿಲ್ಲ. ಅವರ ಮುಖವೇ ನನ್ನ ಅನ್ನ.

ಆ ವರ್ಷ ಮಳೆ ನಮ್ಮ ಸೀಮೆಯ ಮರ್ಯಾದೆ ಮೀರಿ ಹುಯ್ಯಿತು. ಮತ್ತೋಡಿನಿಂದಾಚೆ ಒಂದು ಹಟ್ಟಿ. ಕುರಿ ಸಾಕುವ, ತುಂಡು ಹೊಲ ಮಾಡುವ ಜನ. ಮೇಲಿನ ಕೆರೆ ಕೋಡಿ ಬಿದ್ದು, ಹಳ್ಳ ಹಟ್ಟಿಯೊಳಕ್ಕೇ ನುಗ್ಗಿ, ಮಣ್ಣಿನ ಗೋಡೆಗಳು ಕುಸಿದು, ಉಳಿದ ಮನೆಗಳೊಳಗೆ ಮಂಡಿಯುದ್ದ ಕೆಸರು ತುಂಬಿತು. ಜನರನ್ನೆಲ್ಲ ಪಕ್ಕದ ಊರಿನ ಶಾಲೆಗೆ ಸಾಗಿಸಿ, ಅದಕ್ಕೆ ಕಾಳಜಿ ಕೇಂದ್ರವೆಂದು ಹೆಸರಿಟ್ಟರು. ಸುದ್ದಿ ತಿಳಿದ ಕೂಡಲೇ ನಮ್ಮ ಸಂಘದ ಹೃದಯ ಮಿಡಿಯಿತು. ಮಿಡಿದ ಹೃದಯ ಮೊದಲು ನನ್ನ ಅಂಗಡಿಗೆ ಬಂತು.

"ಏನಪ್ಪ, ಬೆಳಕು ಹರಿಯೋದ್ರೊಳಗೆ ಒಂದು ಬ್ಯಾನರ್ ಆಗ್ಬೇಕು. ಲಾರಿ ಎರಡೂ ಮಗ್ಗಲಿಗೆ," ಅಂದರು ಮಲ್ಲೇಶಣ್ಣ.

ಅಡುಗೆಯವರು ನಸುಕಿನಲ್ಲೇ ಪಲಾವು ಮಾಡಿ, ಬಿಸಿಬಿಸಿಯಾಗಿ ಪೊಟ್ಟಣ ಕಟ್ಟಿ ಲಾರಿಗೆ ತುಂಬಿದರು. ನಾನೂ ಬ್ಯಾನರು ಕಟ್ಟಿದೆ. ಎಲ್ಲರೂ ಅವರವರ ಮುಖ ನೋಡಿಕೊಂಡು ತೃಪ್ತರಾದರು. ಖಜಾಂಚಿಯೊಬ್ಬರು ಮಾತ್ರ ತಮ್ಮ ಮುಖ ಮಡಿಕೆಯಲ್ಲಿ ಸಿಕ್ಕಿದ್ದರಿಂದ ಬೇಸರಗೊಂಡು ಅಕ್ಷರ ಓದತೊಡಗಿದರು. ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ನಾನು 'ಮಳೆ ಸಂತ್ರಸ್ತರಿಗೆ ನೆರವು' ಎಂದು ಹೊಡೆಯಬೇಕಾದಲ್ಲಿ 'ಮಳೆ ಸಂತೃಪ್ತರಿಗೆ ನೆರವು' ಎಂದು ಹೊಡೆದಿದ್ದೆ.

ಬ್ಯಾನರಿಲ್ಲದೆ ಲಾರಿ ಹೊರಡುವ ಮಾತೇ ಇರಲಿಲ್ಲ. ಮತ್ತೆ ಹೊಡೆದೆ. ಆ ಹೊತ್ತಿಗೆ ಕರೆಂಟು ಹೋಯಿತು. ಕರೆಂಟು ಬಂದಾಗ ಹಸಿರು ಬಾವುಟ ಬೀಸಬೇಕಿದ್ದ ಅತಿಥಿಗಳು ಯಾವುದೋ ಮದುವೆಯಲ್ಲಿದ್ದರು. ಅವರು ಉಂಡು, ಕೈತೊಳೆದು, ಬಂದು ಬಾವುಟ ಬೀಸುವ ಹೊತ್ತಿಗೆ ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು. ತಾಡಪಾಲಿನ ಕೆಳಗೆ ಪಲಾವು ತನ್ನ ಪಾಡಿಗೆ ತಾನು ಬೇಯುತ್ತಲೇ ಇತ್ತು.

ನಾವು ಶಾಲೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಜನ ಸಾಲಾಗಿ ನಿಂತರು. ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು, ಲಾರಿಯ ಸದ್ದು ಕೇಳಿದರೆ ಸಾಲು, ಕ್ಯಾಮೆರಾ ಕಂಡರೆ ಕೈ. ಸಾಲಿನ ಮುಂದೆ ಕರಿಯಮ್ಮ ಎಂಬ ಹೆಂಗಸು. ನನಗಿಂತ ಐದಾರು ವರ್ಷ ದೊಡ್ಡವಳು. ಗಟ್ಟಿ ಮೈ, ಗಟ್ಟಿ ದನಿ. ಶಾಲೆಯ ಅಡುಗೆಮನೆಯನ್ನು ತಾನೇ ವಶಕ್ಕೆ ತೆಗೆದುಕೊಂಡು, ಚಾಪೆಗಾಗಿ ನಾದಿನಿಯೊಂದಿಗೆ ಜಗಳವಾಡಿ ಗೆದ್ದು, ಇಡೀ ಕೇಂದ್ರಕ್ಕೆ ಯಜಮಾನಿಯಾಗಿದ್ದಳು. ಅವಳು ಮೊದಲ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು.

"ಏ, ಯಾರೂ ತಿನ್ನಬ್ಯಾಡ್ರಿ! ಹಳಸೈತೆ ಇದು. ಮಕ್ಳ ಕೈಯಾಗಿಂದ ಕಿತ್ಕಳ್ರಿ!"

ಸಾಲು ಚದುರಿತು. ತಾಯಂದಿರು ಮಕ್ಕಳ ಕೈಯಿಂದ ಪೊಟ್ಟಣ ಕಿತ್ತುಕೊಂಡರು. ಮಲ್ಲೇಶಣ್ಣನ ಮುಖ ನಾನು ಎಂದೂ ಅಚ್ಚು ಹಾಕದ ಬಣ್ಣಕ್ಕೆ ತಿರುಗಿತು. ನಮ್ಮ ಜೊತೆ ಬಂದಿದ್ದ ಪತ್ರಿಕೆಯವನು ಕ್ಯಾಮೆರಾ ಹಿಡಿದು ನಿಂತೇ ಇದ್ದ.

"ಬೆಳಿಗ್ಗೆ ಮಾಡಿಸಿದ್ದಮ್ಮ, ಏನೂ ಆಗಿಲ್ಲ," ಅಂದರು ಮಲ್ಲೇಶಣ್ಣ. ಅವಳು ಅಲುಗಲಿಲ್ಲ. ಅವರು ದನಿ ತಗ್ಗಿಸಿದರು. "ಹೋಗ್ಲಿ, ತಿನ್ನಬ್ಯಾಡ. ಸುಮ್ಮನೆ ಕೈ ಚಾಚು. ಫೋಟೊ ಆದ ಮ್ಯಾಲೆ ಬಿಸಾಕು."

"ಉಣ್ಣಾಕಲ್ಲ ಅಂದ್ಮ್ಯಾಲೆ ಯಾತಕ್ ಈಸ್ಕಳ್ಳಿ ಸ್ವಾಮಿ?" ಅಂದಳು ಕರಿಯಮ್ಮ. "ಏನೂ ಆಗಿಲ್ಲ ಅಂತೀರಲ್ಲ, ನೀವೊಂದ್ ಪೊಟ್ನ ಉಣ್ರಿ. ಆಮ್ಯಾಲೆ ನಾನೂ ಈಸ್ಕಂತೀನಿ, ಫೋಟೊನೂ ತೆಗಿಸ್ಕಂತೀನಿ."

ಸಂಘದವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬರಿಗೆ ಶುಗರ್ ನೆನಪಾಯಿತು, ಒಬ್ಬರಿಗೆ ಸೋಮವಾರ ನೆನಪಾಯಿತು. ಕೊನೆಗೆ ಮಲ್ಲೇಶಣ್ಣನ ಕಣ್ಣು ನನ್ನ ಮೇಲೆ ನಿಂತಿತು. "ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ಲೇನಪ್ಪ?"

ನಿಜ, ತಿಂದಿರಲಿಲ್ಲ. ಆ ಮುಖಕ್ಕೆ ಇಲ್ಲವೆಂದು ಹೇಳಿಯೂ ನನಗೆ ರೂಢಿಯಿರಲಿಲ್ಲ. ನಿಂತುಕೊಂಡೇ ಇಡೀ ಪೊಟ್ಟಣ ತಿಂದೆ. ಅನ್ನ ನೂಲು ಬಿಡುತ್ತಿತ್ತು. "ಚೆನ್ನಾಗೈತೆ" ಎಂದೂ ಹೇಳಿದೆ. ಮಲ್ಲೇಶಣ್ಣ ಗೆದ್ದವರಂತೆ ಕರಿಯಮ್ಮನತ್ತ ನೋಡಿದರು.

"ತಡೀರಿ," ಅಂದಳು ಅವಳು. "ಅಷ್ಟ್ರಾಗ ನಿಮ್ ಭಾಷ್ಣ ಮುಗೀಲಿ."

ಅದೊಂದು ಒಳ್ಳೆಯ ಭಾಷಣವೆಂದು ಆಮೇಲೆ ಕೇಳಿ ತಿಳಿದೆ. ಮಾನವೀಯತೆಯ ಭಾಗ ಬರುವಷ್ಟರಲ್ಲಿ ನಾನು ಶಾಲೆಯ ಹಿಂದಿನ ಜಾಲಿಮರ ತಬ್ಬಿಕೊಂಡು, ಈ ಜನ್ಮದಲ್ಲಿ ತಿಂದದ್ದನ್ನೆಲ್ಲ ಒಪ್ಪಿಸುತ್ತಿದ್ದೆ. ಯಾರೋ ಎತ್ತಿಕೊಂಡು ಬಂದು ಮೂರನೇ ತರಗತಿಯ ಕೋಣೆಯಲ್ಲಿ ಮಲಗಿಸಿದರು. ಯಾರದೋ ಕಂಬಳಿ ಮೈಮೇಲೆ ಬಿತ್ತು. ಹೊರಗೆ ಕರಿಯಮ್ಮ ನಿಂತು ಗುಂಡಿ ತೋಡಿಸಿ, ಒಂದು ಅಗುಳೂ ನಾಯಿ ಬಾಯಿಗೆ ಬೀಳದಂತೆ ಪಲಾವನ್ನೆಲ್ಲ ಹೂಳಿಸಿದಳು.

ಸಂಘಕ್ಕೆ ಉಳಿದದ್ದು ಒಂದೇ ಚಿಂತೆ, ಫೋಟೊ. ಹಟ್ಟಿಯವರು ಯಾರೂ ಕೈ ಚಾಚಲು ಒಪ್ಪಲಿಲ್ಲ. ಆಗ ಮಲ್ಲೇಶಣ್ಣನಿಗೆ ನಾನು ಕಂಡೆ. ಲಾರಿ ಡ್ರೈವರನ ಬಳಿಯಿದ್ದ ಒಂದು ಬ್ರೆಡ್ಡು ತರಿಸಿ, ನನ್ನ ಪಕ್ಕ ಮಂಡಿಯೂರಿ ಕುಳಿತು, ಅದನ್ನು ನನ್ನ ಎದೆಯ ಮೇಲಿಟ್ಟರು. ನಾನು ಬೇಡವೆಂದು ಕೈ ಎತ್ತಿದೆ. ಸರಿಯಾಗಿ ಆಗಲೇ ಕ್ಯಾಮೆರಾ ಮಿಂಚಿತು. ಬೇಡವೆಂದು ಎತ್ತಿದ ಕೈ ಚಿತ್ರದಲ್ಲಿ ಬೇಡುವ ಕೈಯಂತೆಯೇ ಕಾಣುತ್ತದೆ. "ನೀನು ಆರಾಮ ಮಾಡಪ್ಪ" ಎಂದು ಹೇಳಿ ಲಾರಿ ಹತ್ತಿ ಹೋದರು.

ಸಂಜೆ ಕರಿಯಮ್ಮ ಉಪ್ಪು ಹಾಕಿದ ಗಂಜಿ ತಂದು ನನ್ನನ್ನು ಎಬ್ಬಿಸಿ ಕೂರಿಸಿದಳು. ಅಲ್ಲಿಯವರೆಗೆ ಸಂಘದವರೆಲ್ಲರಂತೆ 'ಸ್ವಾಮಿ' ಆಗಿದ್ದವನು ಹೊಟ್ಟೆ ಖಾಲಿಯಾದ ಮೇಲೆ 'ತಮ್ಮ' ಆಗಿದ್ದೆ.

"ಹಳಸೈತೆ ಅಂತ ನಿಂಗೂ ಗೊತ್ತಾತಲ್ಲ ತಮ್ಮಾ. ಯಾಕ್ ತಿಂದಿ?"

"ಬ್ಯಾಡ ಅನ್ನಕ್ಕಾಗ್ಲಿಲ್ಲಕ್ಕ."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. "ಕೊಡೋರ್ ಮುಂದೆ ಬ್ಯಾಡ ಅನ್ನದು ಭಾಳ ಕಷ್ಟ," ಅಂದಳು. "ನಾವೂ ಬಂದ್ ಬಂದೋರ್ ಮುಂದೆಲ್ಲ ಕೈ ಒಡ್ಡಿದ್ವಿ. ಅಲ್ ನೋಡು."

ಮೂಲೆಯಲ್ಲಿ ರಾಶಿ ಬಿದ್ದಿತ್ತು. ಗುಂಡಿಯಿಲ್ಲದ ಕೋಟು, ಜರಿ ಕಿತ್ತ ರವಿಕೆಗಳು, ಯಾರೋ ಹುಡುಗಿ ನೃತ್ಯಕ್ಕೆ ಹಾಕಿದ್ದ ಗೆಜ್ಜೆಪಟ್ಟಿ, ಬಲಗಾಲಿನದೊಂದೇ ಬೂಟು. ದಾನಿಗಳೆಲ್ಲ ಮನೆ ಸ್ವಚ್ಛ ಮಾಡಿಕೊಂಡಿದ್ದರು.

"ನಿಮಗೇನು ಬೇಕಾಗಿತ್ತಕ್ಕ?"

"ಇಷ್ಟ್ ದಿನಕ್ಕೆ ನೀನೇ ನೋಡು ಕೇಳ್ದೋನು, ಅದೂ ವಾಂತಿ ಮಾಡ್ಕಂಡ ಮ್ಯಾಲೆ. ಮನ್ಯಾಗೆಲ್ಲ ಕೆಸ್ರು ಐತೆ. ಸಲಿಕೆ ಬೇಕು, ಬಾಂಡ್ಲಿ ಬೇಕು. ನಮ್ವೆಲ್ಲ ಹಳ್ಳ ಹೊಡ್ಕಂಡ್ ಹೋತು. ಕೆಸ್ರು ತೆಗದ್ರೆ ಮನಿಗ್ ಹೋಗ್ತೀವಿ, ಇಲ್ಲಿ ಯಾರು ಕುಂತಿರ್ತಾರೆ?"

ಸಲಿಕೆ, ಬಾಂಡ್ಲಿ ಎಂದಾಗ ನನ್ನ ಕಣ್ಣಿಗೆ ಕಟ್ಟಿದ್ದು ಮಲ್ಲೇಶಣ್ಣನ ಅಂಗಡಿ. ಬಾಗಿಲಿಗೇ ತೋರಣ ಕಟ್ಟಿದ ಹಾಗೆ ಅವು ನೇತಾಡುತ್ತಿರುತ್ತವೆ.

ಮಾರನೆಯ ದಿನ ಊರಿಗೆ ಬಂದೆ. ನನಗಿಂತ ಮುಂಚೆ ಪತ್ರಿಕೆ ಬಂದಿತ್ತು. ಕಂಬಳಿ ಹೊದ್ದು ಕೈ ಎತ್ತಿದ ನಾನು. ಕೆಳಗೆ 'ಸಂತ್ರಸ್ತ ವೃದ್ಧರೊಬ್ಬರಿಗೆ ನೆರವು ನೀಡುತ್ತಿರುವುದು' ಎಂಬ ಬರಹ. ಮಳೆಗಿಂತ 'ವೃದ್ಧ' ಎಂಬುದೇ ನನಗೆ ಹೆಚ್ಚು ಹಾನಿ ಮಾಡಿತು. ಹೆಂಡತಿ ಬಹಳ ಹೊತ್ತು ನೋಡಿ, "ಕಂಬ್ಳಿ ಚೆನ್ನಾಗೈತೆ, ಯಾರ್ದು?" ಎಂದು ಕೇಳಿದಳು. ಹಿರಿಯೂರಿನ ನನ್ನ ಭಾವಮೈದುನ ಗಾಬರಿಯಾಗಿ, ಸಂಜೆಯ ಬಸ್ಸಿಗೆ ಒಂದು ಚೀಲ ಹಳೆ ಪ್ಯಾಂಟು ಹಾಕಿ ಕಳಿಸಿದ.

ಮಲ್ಲೇಶಣ್ಣ ಅದೇ ಚಿತ್ರ ಹಿಡಿದು ಅಂಗಡಿಗೆ ಬಂದರು. ಅವರ ಅಂಗಡಿಯ ಮುಂದೆ ಕಟ್ಟಲು ದೊಡ್ಡದಾಗಿ ಬೇಕಿತ್ತು. ನಾನು ಸಲಿಕೆಯ ಮಾತೆತ್ತಿದೆ.

"ಸಲಿಕೆ ಕೊಟ್ರೆ ಫೋಟೊ ಹೆಂಗ್ ಬರ್ತೈತಪ್ಪ? ಕೂಲಿಗೆ ಕರ್ದಂಗೆ ಕಾಣ್ತೈತೆ," ಅಂದರು. ಆಮೇಲೆ ಪರದೆಯ ಮೇಲೆ ನನ್ನ ಮುಖ ದಿಟ್ಟಿಸಿ, "ಇದನ್ನ ಇನ್ನೊಂಚೂರು ಬಡವಾಗಿ ಮಾಡಕ್ ಬರಲ್ವಾ?" ಎಂದು ಕೇಳಿದರು.

ಬರುತ್ತದೆ. ಕೆನ್ನೆ ಒಳಗೆ ತಳ್ಳಿದೆ, ಕಣ್ಣ ಕೆಳಗೆ ಕಪ್ಪು ಬಳಿದೆ. ಒಳ್ಳೆಯ ಕೆಲಸವೇ ಆಗಿತ್ತು.

ಬ್ಯಾನರು ಕಟ್ಟಿದ ಸ್ವಲ್ಪ ದಿನಕ್ಕೆ ಕರಿಯಮ್ಮ ಹಟ್ಟಿಯ ಏಳೆಂಟು ಜನರನ್ನು ಕಟ್ಟಿಕೊಂಡು ಪೇಟೆಗೆ ಬಂದಳು. ನನ್ನ ಅಂಗಡಿಗೆ ಬಂದವಳಿಗೆ ಮಲ್ಲೇಶಣ್ಣನ ಅಂಗಡಿ ತೋರಿಸಿದ್ದು ನಾನೇ. ಧೈರ್ಯ ಸಾಲದೆ ಹಿಂದೆ ನಿಂತವನೂ ನಾನೇ. ಅವಳು ತಲೆಯೆತ್ತಿ ಬ್ಯಾನರು ನೋಡಿದಳು, ನನ್ನನ್ನು ನೋಡಿದಳು, ಸೊಂಟದ ಮೇಲೆ ಕೈಯಿಟ್ಟು ನಗಲಾರಂಭಿಸಿ ಕೊನೆಗೆ ಸಿಮೆಂಟಿನ ಮೂಟೆಯ ಮೇಲೆ ಕುಳಿತುಬಿಟ್ಟಳು. ಗಿರಾಕಿಗಳೆಲ್ಲ ಸೇರಿದರು.

"ಸ್ವಾಮಿ," ಅಂದಳು ಮಲ್ಲೇಶಣ್ಣನಿಗೆ, "ನಿಮ್ಮೂರೋನ್ಗೆ ನೀವೇ ಬ್ರೆಡ್ ಕೊಟ್ಕಂಡ್ರಿ, ಆತು. ಈಗ ನಮ್ ಹಟ್ಟಿಯೋರ್ಗೆ ಸಲಿಕೆ ಕೊಡ್ರಿ. ಎಷ್ಟ್ ಫೋಟೊ ಬೇಕೋ ತೆಕ್ಕಳ್ರಿ, ಎಲ್ಲಾರೂ ನಿಂತ್ಕಂತೀವಿ."

ಗಿರಾಕಿಗಳು ನಕ್ಕರು. ಅಷ್ಟು ಜನರ ಮುಂದೆ ಬೇಡವೆನ್ನುವುದು ಮಲ್ಲೇಶಣ್ಣನಿಗೂ ಕಷ್ಟವಾಯಿತು. ಕೊಟ್ಟರು. ಆದರೆ ಕೊಡುವ ಮೊದಲು ಪ್ರತಿ ಸಲಿಕೆಗೂ ತಮ್ಮ ಮುಖದ ಸ್ಟಿಕರ್ ಅಂಟಿಸಿದರು. ಹೊಡೆದುಕೊಟ್ಟವನು ನಾನು. ಹಿಡಿಯ ಮೇಲೆ ಸಣ್ಣದಾಗಿ ಕಾಣುತ್ತದೆಂದು ಅಲಗಿನ ಮೇಲೇ ಅಂಟಿಸಿದ್ದರು, ಕೆಸರು ಎತ್ತುವ ಕಡೆ. ಹಟ್ಟಿಯ ಮನೆಗಳ ಕೆಸರು ತೆರವಾಗಿ, ಜನ ಶಾಲೆ ಬಿಟ್ಟು ಮನೆ ಸೇರಿದರು. ಸ್ಟಿಕರು ಮೊದಲ ದಿನವೇ ಸವೆದಿತ್ತಂತೆ.

ಈಗ ನಾನು ಸಂಘದ ಉಪಾಧ್ಯಕ್ಷ. ಬ್ಯಾನರಿನಲ್ಲಿ ನನ್ನದೂ ಒಂದು ಮುಖವಿರುತ್ತದೆ, ಕೆನ್ನೆ ತುಂಬಿಕೊಂಡು. ಮೊನ್ನೆ ಚಿತ್ರದುರ್ಗದ ಬಸ್ ನಿಲ್ದಾಣದಿಂದ ಊರಿಗೆ ಮರಳಿದ ದಿನವೇ ಹಟ್ಟಿಯ ಕಡೆ ಜೋರು ಮಳೆಯೆಂದು ಸುದ್ದಿ ಬಂತು. ಸಂಘದವರು ಸೇರುವ ಮೊದಲೇ ಕರಿಯಮ್ಮನಿಗೆ ಫೋನು ಮಾಡಿ, ಏನು ತರಲಿ ಎಂದು ಕೇಳಿದೆ.

"ಏನೂ ಬ್ಯಾಡ. ಗಾಳಿಗೆ ಕುರಿ ರೊಪ್ಪದ್ ಶೀಟ್ ಹಾರೈತೆ ಅಷ್ಟೇ. ಬರಂಗಿದ್ರೆ ಬಾ, ಬರಿಗೈಲಿ ಬಾ."

ಮಾರನೆಯ ಬೆಳಿಗ್ಗೆ ಬೈಕು ಹತ್ತಿದೆ. ಬರಿಗೈಯಲ್ಲಿ ಹೋಗುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮತ್ತೋಡಿನಲ್ಲಿ ಹಣ್ಣಿನ ಗಾಡಿಯ ಮುಂದೆ ನಿಲ್ಲಿಸಿ, ಬಾಳೆಗೊನೆ ನೋಡಿ, ಏನೂ ಕೊಳ್ಳದೆ ಮುಂದೆ ಹೊರಟೆ. ಕುರಿರೊಪ್ಪದ ಹತ್ತಿರ ಕರಿಯಮ್ಮ ನನ್ನನ್ನು ಕಂಡವಳೇ, ಬಾ ಎಂದೂ ಹೇಳದೆ, "ಆ ಕಡೆ ತುದಿ ಹಿಡ್ಕ, ಗಟ್ಟಿ ಹಿಡ್ಕ, ಬಿಟ್ಟಿ ಅಂದ್ರೆ ಮರಿ ಮ್ಯಾಲೆ ಬೀಳ್ತೈತೆ" ಎಂದಳು. ತಗಡಿನ ಶೀಟು ಎತ್ತಿ ಹಿಡಿದೆ. ಅವಳ ಮಗ ಮೇಲೆ ಹತ್ತಿ ಮೊಳೆ ಹೊಡೆಯುತ್ತಿದ್ದ. ಕಾಲಿನ ಸುತ್ತ ಮರಿಗಳು ಬೆಚ್ಚಗೆ ಒತ್ತಿಕೊಂಡವು.

ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಬ್ಯಾನರಿಗಾಗಿ ಮಲ್ಲೇಶಣ್ಣನೇ ಇರಬೇಕು. ಎತ್ತಲು ನನಗೆ ಕೈ ಬಿಡುವಿರಲಿಲ್ಲ.