ಹೆಸರು ಹಾಕ್ರಿ ಅಂತ ಹೇಳ್ರಿ

ಜರ್ಮನಿಯ ಸುದ್ದಿ ವಾರಪತ್ರಿಕೆಯಿಂದ, ಅವರ ದುಭಾಷಿಯಾಗಿದ್ದ ನನಗೆ ಫೋನು ಬಂದಾಗ, ಇಂಡಿ ಹತ್ತಿರದ ನಮ್ಮೂರಿನ ಕಟ್ಟೆಯ ಮೇಲೆ ಹಳ್ಳದ ಮರಳು ಸಾಗಿಸುವ ಗುತ್ತಿಗೆದಾರನೂ ಕೂತಿದ್ದ. ಮರಳು ಎತ್ತಿದ್ದಕ್ಕೇ ಬಾವಿ ಬತ್ತಿತೆಂದು ನಿಂಬೆ ತೋಟದ ಕಾಶೀಬಾಯಿ ವೈನಿ ಆ ಪತ್ರಿಕೆಯ ವರದಿಗಾರನಿಗೆ ಹೇಳಿದ್ದರು. ಅಚ್ಚಿಗೆ ಮುಂಚೆ ಪ್ರತಿ ಮಾತನ್ನೂ ಹೇಳಿದವರಲ್ಲೇ ಖಚಿತಪಡಿಸಿಕೊಳ್ಳುವುದು ಅವರ ಪದ್ಧತಿಯಂತೆ. ಪಕ್ಕದಲ್ಲಿದ್ದ ವೈನಿಗೆ ಕನ್ನಡದಲ್ಲಿ ಹೇಳಿದೆ: "ಅಂಜಿಕಿ ಇದ್ರ ಹೆಸರು ಬಿಡ್ತಾರಂತ್ರಿ."

ವೈನಿ ಗುತ್ತಿಗೆದಾರನನ್ನೇ ನೋಡುತ್ತ ಅಂದರು: "ನಮ್ಮ ಪೇಪರ್‌ನ್ಯಾಗ ನಾನು ಯಾವಾಗ್ಲೂ ಬರೇ 'ಗ್ರಾಮಸ್ಥರು'. ಹೇಳಿದಾಕಿ ನಾನು. ಹೆಸರು ಹಾಕ್ರಿ ಅಂತ ಹೇಳ್ರಿ, ಮಾಸ್ತರ."

ಆತ ಚಪ್ಪಲಿ ಮೆಟ್ಟಿ ಎದ್ದುಹೋದ.

ಈ ಬರಹವನ್ನು ನಿಮಗೆ ಕಳಿಸುವ ಮೊದಲು ನಾನೂ ಪ್ರತಿ ಸಾಲನ್ನು ವೈನಿಗೆ ಓದಿ ಹೇಳಿದ್ದೇನೆ. ಸಂಪಾದಕರೇ, ಏನು ಕತ್ತರಿಸಿದರೂ ಕಾಶೀಬಾಯಿ ಎಂಬ ಹೆಸರನ್ನು ಕತ್ತರಿಸಬೇಡಿ.